ಮೈನಸ್ ಬಂದರೆ ಹೊಡೆದುಹಾಕುತ್ತಿದ್ದೆ

ಮೊದಲನೇ ಟೆಸ್ಟಿನ ಉತ್ತರಪತ್ರಿಕೆ ಹಂಚುವಾಗ ಮೇಷ್ಟ್ರು ನನ್ನದೊಂದನ್ನು ಮಾತ್ರ ಕೊಡದೆ ಇಟ್ಟುಕೊಂಡರು. ಕ್ಲಾಸು ಖಾಲಿಯಾದ ಮೇಲೆ ಮೇಜಿನ ಹತ್ತಿರ ಕರೆದರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವರು. ಹಾಗಾಗಿ ಬೈಯಲು ಅವರಿಗೂ ಸಂಕೋಚ, ಬೈಸಿಕೊಳ್ಳಲು ನನಗೂ ಸಂಕೋಚ.

"ಮೇಡಂ, ಈ ಉತ್ತರ ಯಾಕೆ ಹೊಡೆದುಹಾಕಿದ್ರಿ?"

"ತಪ್ಪಾಗಿತ್ತು ಸರ್."

"ಸರಿಯಾಗೇ ಇತ್ತು. ಅದರ ಕೆಳಗೆ ಇನ್ನೊಂದ್ಸಲ ಮಾಡಿದೀರಲ್ಲ, ಅದು ತಪ್ಪು. ಮುಂದಿನ ಲೆಕ್ಕಾನೂ ಇದೇ ಕಥೆ. ಹೊಡೆದುಹಾಕಿರೋದಕ್ಕೆಲ್ಲ ಮಾರ್ಕ್ಸ್ ಕೊಡೋ ಹಾಗಿದ್ರೆ ನೀವೇ ಫಸ್ಟು."

ನಗಿಸಲು ಹೇಳಿದರೋ ಏನೋ. ನನಗೆ ಮಾತ್ರ ಅಲ್ಲೇ ಅಳು ಬಂದಿತು. ಗಿರಣಿಯಲ್ಲಿ ಹದಿನೈದು ವರ್ಷ ಗಂಡಸರ ಮಧ್ಯೆ ಕೆಲಸ ಮಾಡಿದವಳು ಕಣ್ಣೀರನ್ನು ನುಂಗುವುದು ಕಲಿತಿರುತ್ತಾಳೆ, ಆದ್ದರಿಂದ ಹೊರಗೆ ಬರಲಿಲ್ಲ.

ನಾನು ಊರಾಚೆಯ ಕೈಗಾರಿಕಾ ಪ್ರದೇಶದ ಒಂದು ನೂಲಿನ ಗಿರಣಿಯಲ್ಲಿ ಎಲೆಕ್ಟ್ರಿಕಲ್ ಮೆಂಟೆನೆನ್ಸ್ ಕೆಲಸದಲ್ಲಿದ್ದೇನೆ. ಓದಿದ್ದು ಡಿಪ್ಲೊಮಾ. ಡಿಪ್ಲೊಮಾದವರಿಗೆ ನಮ್ಮಲ್ಲಿ ಒಂದು ಮೆಟ್ಟಿಲಿನಿಂದಾಚೆ ದಾರಿ ಇಲ್ಲ. ಕೆಲಸದಲ್ಲಿರುವವರಿಗೆಂದು ಸಂಜೆ ಹೊತ್ತು ಬಿ.ಇ. ನಡೆಸುವ ಕಾಲೇಜಿಗೆ ಸೇರಿದ್ದು ಅದಕ್ಕೇ. ಡಿಪ್ಲೊಮಾದವರಿಗೆ ಮೊದಲ ವರ್ಷ ಇರುವುದಿಲ್ಲ, ನೇರವಾಗಿ ಎರಡನೇ ವರ್ಷಕ್ಕೆ. ಅಲ್ಲಿ ಬಾಗಿಲಲ್ಲೇ ನಿಂತಿರುವ ವಿಷಯ ಸರ್ಕ್ಯೂಟ್ ಅನಾಲಿಸಿಸ್. ಮುಂದಿನ ಮೋಟಾರು, ಟ್ರಾನ್ಸ್‌ಫಾರ್ಮರು, ಪವರ್ ಸಿಸ್ಟಂ ಎಲ್ಲವೂ ಇದರ ಮೇಲೆ ನಿಂತಿವೆ.

ಗಿರಣಿಯವರ ಷರತ್ತು ಸ್ಪಷ್ಟವಾಗಿತ್ತು. ಒಂದು ವರ್ಷ ನನಗೆ ಬರೀ ಫಸ್ಟ್ ಶಿಫ್ಟ್ ಕೊಡುತ್ತಾರೆ, ಮಧ್ಯಾಹ್ನ ಬಿಟ್ಟು ಕಾಲೇಜಿಗೆ ಹೋಗಬಹುದು. ವರ್ಷದೊಳಗೆ ಎಲ್ಲ ಪೇಪರು ಪಾಸಾದರೆ ಮುಂದಿನ ವರ್ಷವೂ ಹಾಗೇ. ಒಂದು ಉಳಿದರೂ ಎಲ್ಲರಂತೆ ಮೂರು ಪಾಳಿ. ಪಾಳಿ ಬದಲಾಗುತ್ತ ಹೋದರೆ ಸಂಜೆ ಕ್ಲಾಸಿಗೆ ಹೋಗುವ ಹಾಗಿಲ್ಲ, ಹಾಜರಾತಿ ಇಲ್ಲದಿದ್ದರೆ ಕಾಲೇಜಿನವರು ಇಟ್ಟುಕೊಳ್ಳುವ ಹಾಗಿಲ್ಲ. ಈ ಸವಲತ್ತು ಕೊಡಿಸಲು ನಮ್ಮ ಸೂಪರ್‌ವೈಸರು ಮೇಲಿನವರ ಹತ್ತಿರ ಮಾತು ಅನ್ನಿಸಿಕೊಂಡು ಬಂದಿದ್ದರು. ಉಳಿದ ಪೇಪರುಗಳ ಬಗ್ಗೆ ನನಗೆ ಭಯವಿರಲಿಲ್ಲ. ಇದೊಂದು ಪೇಪರು ಕುತ್ತಿಗೆಗೆ ಬಂದು ಕೂತಿತು.

ನನ್ನ ರೋಗ ಏನೆಂದು ಹೇಳುತ್ತೇನೆ. ಒಂದು ಸರ್ಕ್ಯೂಟಿನಲ್ಲಿ ಎರಡು ಬ್ಯಾಟರಿ, ಮೂರು ರೆಸಿಸ್ಟರು ಇವೆ ಅನ್ನಿ. ಕಿಟಕಿಯ ಎರಡು ಚೌಕದ ಹಾಗೆ ಎರಡು ಲೂಪು, ನಡುವಿನ ಕಂಬಿ ಎರಡಕ್ಕೂ ಸೇರಿದ್ದು. ಯಾವ ಲೂಪಿನಲ್ಲಿ ಕರೆಂಟು ಯಾವ ಕಡೆ ಹರಿಯುತ್ತದೆಂದು ಮೊದಲಿಗೆ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಮನಸ್ಸಿಗೆ ಬಂದ ಕಡೆಗೆ ಒಂದು ಬಾಣ ಹಾಕಬೇಕು, ಆ ಬಾಣವನ್ನು ನಂಬಿ ಸಮೀಕರಣ ಬರೆಯಬೇಕು, ಬಿಡಿಸಬೇಕು. ಉತ್ತರ ಪ್ಲಸ್ ಬಂದರೆ ಬಾಣ ಸರಿ. ಮೈನಸ್ ಬಂದರೆ ಕರೆಂಟು ಬಾಣಕ್ಕೆ ಉಲ್ಟಾ ಹರಿಯುತ್ತಿದೆ, ಅಷ್ಟೇ, ಎನ್ನುತ್ತಿದ್ದರು ಮೇಷ್ಟ್ರು.

ಅಷ್ಟೇ ಅಂದರೆ ಆಯಿತೇ? ಗಿರಣಿಯಲ್ಲಿ ಉಲ್ಟಾ ಅನ್ನುವುದು ಸಣ್ಣ ಮಾತಲ್ಲ. ರಿವೈಂಡ್ ಆಗಿ ಬಂದ ಮೋಟಾರನ್ನು ಮೆಷೀನಿಗೆ ಜೋಡಿಸುವ ಮೊದಲು ಒಂದೇ ಒಂದು ಕ್ಷಣ ಸ್ಟಾರ್ಟ್ ಬಟನ್ ಮುಟ್ಟಿ ಬಿಟ್ಟು ಶಾಫ್ಟು ಯಾವ ಕಡೆ ತಿರುಗುತ್ತದೆ ನೋಡುತ್ತೇವೆ. ಉಲ್ಟಾ ತಿರುಗಿದರೆ ಅಲ್ಲಿಗೇ ನಿಲ್ಲಿಸು, ಮೂರು ವೈರಿನಲ್ಲಿ ಎರಡನ್ನು ಅದಲುಬದಲು ಮಾಡು, ಮತ್ತೆ ನೋಡು. ನೋಡದೆ ಜೋಡಿಸಿದರೆ ಗೇರಿನ ಹಲ್ಲು ಉದುರುತ್ತವೆ. ಉಲ್ಟಾ ಇದ್ದರೆ ಇರಲಿ ಬಿಡು ಎನ್ನುವವರಿಗೆ ನಮ್ಮಲ್ಲಿ ಅನ್ನ ಹುಟ್ಟುವುದಿಲ್ಲ. ಹದಿನೈದು ವರ್ಷ ಇದನ್ನೇ ಮಾಡಿ ರೂಢಿಯಾದ ಕೈ, ಕಾಗದದ ಮೇಲೆ ಮೈನಸ್ ಕಂಡ ತಕ್ಷಣ ಅಡ್ಡಗೆರೆ ಎಳೆದುಬಿಡುತ್ತಿತ್ತು. ಬಾಣ ತಿರುಗಿಸಿ ಮತ್ತೆ ಶುರುಮಾಡುತ್ತಿದ್ದೆ. ಹಾಗೆ ಮತ್ತೆ ಮಾಡುವಾಗಲೇ ಎಡವಟ್ಟು. ಒಂದು ಲೂಪಿನ ಬಾಣ ತಿರುಗಿಸಿದರೆ ನಡುವಿನ ಕಂಬಿಯ ಲೆಕ್ಕ ಎರಡೂ ಸಮೀಕರಣದಲ್ಲಿ ಬದಲಾಗಬೇಕು. ನಾನು ಒಂದರಲ್ಲಿ ಬದಲಾಯಿಸಿ ಇನ್ನೊಂದರಲ್ಲಿ ಹಳೆಯದನ್ನೇ ಉಳಿಸುತ್ತಿದ್ದೆ. ಆಗ ಪ್ಲಸ್ ಉತ್ತರ ಬರುತ್ತಿತ್ತು, ಪೂರ್ತಿ ತಪ್ಪು ಉತ್ತರ. ಪ್ಲಸ್ ಕಂಡು ಸಮಾಧಾನಪಟ್ಟು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ.

ರೋಗ ಗೊತ್ತಾದ ಮೇಲೆ ವಾಸಿಯಾಗಬೇಕಿತ್ತಲ್ಲ? ಆಗಲಿಲ್ಲ. ಮಧ್ಯಾಹ್ನ ಶಿಫ್ಟ್ ಬಿಟ್ಟು ಡಬ್ಬಿ ಊಟ ಮಾಡಿ, ಸಂಜೆ ಕ್ಲಾಸಿನ ತನಕ ಕಾಲೇಜಿನ ಖಾಲಿ ಕೋಣೆಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದೆ. ಫ್ಯಾನು ತಿರುಗುವ ಸದ್ದು, ಹೊಟ್ಟೆಗೆ ಬಿದ್ದ ಅನ್ನದ ನಿದ್ದೆ, ಎದುರಿಗೆ ಮೈನಸ್. ಬಿಡಬೇಕು ಎಂದು ಬುದ್ಧಿ ಹೇಳಿದರೂ ಮುಂದಿನ ಸಾಲಿಗೆ ಹೋಗಲು ಧೈರ್ಯ ಬರುತ್ತಿರಲಿಲ್ಲ. ಎಲ್ಲೋ ಚಿಹ್ನೆ ತಪ್ಪಿರಬೇಕು ಎಂದು ಮೊದಲಿನಿಂದ ನೋಡುತ್ತ ಬರುತ್ತಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ದಿನಗಳು ಹೋದವು.

ನನ್ನ ಪಕ್ಕ ಕೂರುತ್ತಿದ್ದವರು ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ನಂಜನಗೂಡಿನ ಕಡೆಯವರು, ನನ್ನನ್ನು ಅಕ್ಕ ಅನ್ನುತ್ತಿದ್ದರು. ಅವರಿಗೆ ಈ ಕಾಯಿಲೆಯೇ ಇರಲಿಲ್ಲ.

"ಮೈನಸ್ ಬಂದ್ರೆ ಬರ್ಲಿ ಬುಡಿ ಅಕ್ಕ. ಅದೇನು ನಿಮ್ಮನೆ ಗಂಟಾ?"

"ಬಸ್ಸಲ್ಲಿ ಬ್ಯಾಟರಿ ಉಲ್ಟಾ ಕೊಟ್ರೆ ಹಿಂಗೇ ಬುಟ್ಬುಡ್ತೀರೇನ್ರೀ?"

"ಬಸ್ಸು ಬ್ಯಾರೆ, ಬುಕ್ಕು ಬ್ಯಾರೆ ಕಣಕ್ಕ. ಎರಡನ್ನೂ ಯಾಕೆ ಕಲಸ್ಕತೀರಿ?"

ಎಷ್ಟು ಸಲೀಸಾಗಿ ಹೇಳಿದರು! ನನಗೆ ಹಾಗೆ ಎರಡು ಗೂಡು ಮಾಡಿ ಇಟ್ಟುಕೊಳ್ಳಲು ಬರಲಿಲ್ಲ. ಕರೆಂಟು ಕರೆಂಟೇ, ಗಿರಣಿಯಲ್ಲೂ ಅದೇ, ಪುಸ್ತಕದಲ್ಲೂ ಅದೇ ಎಂಬ ನಂಬಿಕೆಯಿಂದಲೇ ಅಲ್ಲವೇ ನಾನು ಓದಲು ಬಂದದ್ದು.

ಸೆಮಿಸ್ಟರಿನ ಪರೀಕ್ಷೆ ಬಂತು. ಇಬ್ಬರೂ ಸರ್ಕ್ಯೂಟಿನಲ್ಲಿ ಫೇಲು. ಅವರು ಓದದೆ ಫೇಲು, ನಾನು ಓದಿ ಫೇಲು. ಮೂರು ಗಂಟೆ ಪರೀಕ್ಷೆಯಲ್ಲಿ ಅರ್ಧ ಹೊತ್ತು ಸರಿಯಿದ್ದದ್ದನ್ನು ಹೊಡೆದುಹಾಕುವುದರಲ್ಲಿ ಕಳೆದಿದ್ದೆ. ಮನೆಯಲ್ಲಿ ಯಜಮಾನರು ಬೈಯಲಿಲ್ಲ. "ಇನ್ನೊಂದ್ಸಲ ಬರಿ, ಅದಕ್ಯಾಕೆ ಮೋರೆ ಇಳಿಬಿಟ್ಕೊಂಡಿದೀಯ" ಎಂದು ಒಂಟಿಕೊಪ್ಪಲಿನ ಅಂಗಡಿಯಿಂದ ಖಾರಾಪುರಿ ಕಟ್ಟಿಸಿಕೊಂಡು ಬಂದರು. ಬೈದಿದ್ದರೆ ತಿರುಗಿ ಜಗಳವಾದರೂ ಆಡಬಹುದಿತ್ತು.

ವರ್ಷ ಮುಗಿಯುವುದರೊಳಗೆ ಇನ್ನೊಂದು ಅವಕಾಶ ಉಳಿದಿತ್ತು. ಡಿಪೋದವರು ಸರಸ್ವತಿಪುರಂನಲ್ಲಿ ಒಂದು ಟ್ಯುಟೋರಿಯಲ್ ಹಿಡಿದರು. ಭಾನುವಾರ ಭಾನುವಾರ ಪಾಠ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋದರು. ಮಹಡಿಯ ಮೇಲೆ ಉದ್ದನೆಯ ಕೋಣೆ, ಬೆಂಚಿಗೆ ಐದೈದು ಜನ. ಅಲ್ಲಿ ಹೇಳಿಕೊಡುವವರು ಬಾಣದ ಮಾತೇ ಎತ್ತಲಿಲ್ಲ. "ಲೂಪೆಲ್ಲ ಗಡಿಯಾರದ ದಿಕ್ಕು. ಅಂಕಿಗಳ ಚೌಕಟ್ಟಿನ ಕರ್ಣದಲ್ಲಿ ಪ್ಲಸ್ಸು, ಪಕ್ಕದಲ್ಲಿ ಮೈನಸ್ಸು. ಚೌಕಟ್ಟು ತುಂಬಿಸಿ, ಕ್ಯಾಲ್ಕುಲೇಟರ್ ಒತ್ತಿ, ಬಂದದ್ದು ಬರೀರಿ" ಎಂದರು. ಎಲ್ಲರೂ ಸಂಧ್ಯಾವಂದನೆಯ ಮಂತ್ರದ ಹಾಗೆ ಒಟ್ಟಿಗೆ ಹೇಳಿದರು. ಕರ್ಣದಲ್ಲಿ ಯಾಕೆ ಪ್ಲಸ್ಸು ಎಂದು ನಾನು ಕೇಳಿದೆ. "ಪರೀಕ್ಷೇಲಿ ಅದನ್ನ ಕೇಳಲ್ಲಮ್ಮ" ಎಂದರು. ಡಿಪೋದವರು ನನ್ನ ಸೆರಗು ಎಳೆಯುವುದೊಂದು ಬಾಕಿ. ಮುಂದಿನ ಭಾನುವಾರದಿಂದ ನಾನು ಹೋಗಲಿಲ್ಲ. ಅಹಂಕಾರವೇ ಇರಬಹುದು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನನಗೆ ನಾನೇ ಹೇಳಿಕೊಂಡು ಬೀಗಿದ್ದೆ.

ತಿಳಿವು ಬಂದದ್ದು ಗಿರಣಿಯ ಬ್ಯಾಟರಿ ರೂಮಿನಲ್ಲಿ. ಕರೆಂಟು ಹೋದಾಗ ಕಂಟ್ರೋಲ್ ಪ್ಯಾನೆಲ್ಲುಗಳು ಸಾಯಬಾರದೆಂದು ಅಲ್ಲಿ ಸಾಲಾಗಿ ಬ್ಯಾಟರಿಗಳಿವೆ. ಅವಕ್ಕೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದೆ. ಗೋಡೆಯ ಮೇಲೊಂದು ಹಳೆಯ ಮೀಟರು, ಅದರ ಸೊನ್ನೆ ತುದಿಯಲ್ಲಿಲ್ಲ, ನಟ್ಟನಡುವೆ ಇದೆ. ಮುಳ್ಳು ಎಡಕ್ಕೆ ವಾಲಿದರೆ ಬ್ಯಾಟರಿ ಚಾರ್ಜಾಗುತ್ತಿದೆ, ಬಲಕ್ಕೆ ವಾಲಿದರೆ ಬ್ಯಾಟರಿ ಕರೆಂಟು ಕೊಡುತ್ತಿದೆ. ನಾನು ನೋಡುತ್ತಿದ್ದ ಹಾಗೇ ಲೈನು ಟ್ರಿಪ್ ಆಯಿತು. ಎಡಕ್ಕಿದ್ದ ಮುಳ್ಳು ಸೊನ್ನೆ ದಾಟಿ ಬಲಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಮುಳ್ಳು ಮತ್ತೆ ಎಡಕ್ಕೆ. ಯಾರೂ ಉಲ್ಟಾ ಎಂದು ಕೂಗಲಿಲ್ಲ. ನಾನೂ ಓಡಿಹೋಗಿ ವೈರು ಬದಲಾಯಿಸಲಿಲ್ಲ.

ಕ್ಯಾನಿನ ಮೇಲೆ ಕೂತುಬಿಟ್ಟೆ. ಮೊದಲನೇ ಟೆಸ್ಟಿನ ಆ ಲೆಕ್ಕ ನನಗೆ ಬಾಯಿಪಾಠವಾಗಿತ್ತು. ಒಂದು ಲೂಪಿನಲ್ಲಿ ಹತ್ತು ವೋಲ್ಟು, ಇನ್ನೊಂದರಲ್ಲಿ ಇಪ್ಪತ್ತು. ಮೊದಲ ಲೂಪಿಗೆ ಮೈನಸ್ ಒಂದು ಆಂಪಿಯರ್ ಬಂದಿತ್ತು, ಅದನ್ನೇ ನಾನು ಹೊಡೆದುಹಾಕಿದ್ದು. ಇಪ್ಪತ್ತರ ಬ್ಯಾಟರಿ ದೊಡ್ಡದು, ಹತ್ತರ ಬ್ಯಾಟರಿಗೆ ಎದುರಿನಿಂದ ಕರೆಂಟು ತುಂಬುತ್ತಿದೆ. ಚಿಕ್ಕದು ಚಾರ್ಜಾಗುತ್ತಿದೆ! ಆ ಮೈನಸ್ಸಿನ ಅರ್ಥ ಅದು. ಇಷ್ಟು ವರ್ಷ ಈ ಮೀಟರಿನ ಎದುರು ನಿಂತವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಖುಷಿಯೂ ಆಯಿತು. ಅವತ್ತು ಸಂಜೆ ಮೇಷ್ಟ್ರಿಗೆ ಹೇಳಿದೆ. ಅವರು ನನಗಿಂತ ಹೆಚ್ಚು ಹಿಗ್ಗಿದರು. "ಇನ್ನೇನು ಮೇಡಂ, ಪಾಸಾದ ಹಾಗೇ" ಎಂದರು.

ಆಗಲೇ ನಾನೊಂದು ತೀರ್ಮಾನ ಮಾಡಿದೆ: ಇನ್ನು ಮೇಲೆ ಬಂದ ಉತ್ತರವನ್ನು ಹೊಡೆದುಹಾಕುವುದಿಲ್ಲ. ಮೈನಸ್ ಬಂದರೆ ಬರೆದು, ಕೆಳಗೆ ಗೆರೆ ಎಳೆದು, ಮುಂದಕ್ಕೆ ಹೋಗುವುದು. ಹಿಂತಿರುಗಿ ನೋಡುವ ಚಟವೇ ನನ್ನ ಸಮಯ ತಿಂದದ್ದು, ಆದ್ದರಿಂದ ಹಿಂತಿರುಗಿ ನೋಡುವುದೇ ಇಲ್ಲ. ಪರೀಕ್ಷೆಯವರೆಗೂ ಹಾಗೇ ಅಭ್ಯಾಸ ಮಾಡಿದೆ. ಕೈ ಪಳಗಿತು. ಕಾಗದದ ಮೇಲೆ ಅಡ್ಡಗೆರೆಗಳು ಇಲ್ಲವಾದವು. ಲೂಪಿನ ಲೆಕ್ಕಗಳು ಒಂದರ ಹಿಂದೊಂದು ಸರಿ ಬಂದವು. ಎಷ್ಟೋ ತಿಂಗಳ ಮೇಲೆ ಊಟ ರುಚಿಸಿತು.

ಪರೀಕ್ಷೆಯಲ್ಲಿ ಮೊದಲನೇ ಪ್ರಶ್ನೆ ಲೂಪಿನದು. ಎರಡು ಕರೆಂಟಿಗೆ ಮೈನಸ್ ಬಂತು, ಬಿಟ್ಟೆ. ಆಮೇಲೆ ಥೆವೆನಿನ್. ಅದೇನೆಂದರೆ, ಎಷ್ಟೇ ದೊಡ್ಡ ಸರ್ಕ್ಯೂಟನ್ನೂ ಹೊರಗಿನಿಂದ ನೋಡಿದರೆ ಒಂದು ಬ್ಯಾಟರಿ, ಅದರ ಜೊತೆ ಒಂದು ರೆಸಿಸ್ಟೆನ್ಸು ಎಂದು ಕುಗ್ಗಿಸಬಹುದು. ಎರಡು ತುದಿಗಳ ನಡುವಿನ ವೋಲ್ಟೇಜು ಕಂಡುಹಿಡಿ, ಆಮೇಲೆ ಆ ತುದಿಗಳನ್ನು ಶಾರ್ಟ್ ಮಾಡಿದರೆ, ಅಂದರೆ ಬರೀ ತಂತಿಯಿಂದ ಸೇರಿಸಿದರೆ, ಹರಿಯುವ ಕರೆಂಟು ಕಂಡುಹಿಡಿ, ಒಂದನ್ನು ಇನ್ನೊಂದರಿಂದ ಭಾಗಿಸಿದರೆ ರೆಸಿಸ್ಟೆನ್ಸು. ವೋಲ್ಟೇಜು ಹನ್ನೆರಡು ಬಂತು. ಕರೆಂಟು ಮೈನಸ್ ಎರಡು. ಭಾಗಿಸಿದೆ: ಮೈನಸ್ ಆರು ಓಮ್. ಗೆರೆ ಎಳೆದೆ. ಅದಕ್ಕೆ ಹತ್ತು ಓಮಿನ ಲೋಡು ಸೇರಿಸಿ ಕರೆಂಟು ಕೇಳಿದ್ದರು, ಮೂರು ಆಂಪಿಯರ್ ಎಂದು ಬರೆದೆ. ಆ ಮೂರರಿಂದಲೇ ಪವರ್ ಕೇಳಿದ್ದರು, ಅದನ್ನೂ ಬರೆದೆ. ಟೈಮಿಗೆ ಮೊದಲೇ ಮುಗಿಸಿದ್ದೆ. ಹಿಂತಿರುಗಿ ನೋಡಲಿಲ್ಲ. ಕೈಕಟ್ಟಿ ಕೂತು ಕಿಟಕಿಯಾಚೆ ನೋಡುತ್ತಿದ್ದೆ, ದೇವರೇ.

ಹೊರಗೆ ಕಾರಿಡಾರಿನಲ್ಲಿ ಡಿಪೋದವರು ಕಾಯುತ್ತಿದ್ದರು.

"ಥೆವೆನಿನ್ ಎಷ್ಟು ಬಂತಕ್ಕ? ನಂಗೆ ಆರು ಓಮ್."

"ನನಗೆ ಮೈನಸ್ ಆರು."

ಅವರು ಮೆಲ್ಲಗೆ, "ಬ್ಯಾಟ್ರಿ ರೆಸಿಸ್ಟ್ರು ಬುಟ್ರೆ ಅದ್ರಲ್ಲಿ ಬ್ಯಾರೇನೂ ಇರ್ಲಿಲ್ವಲ್ಲಕ್ಕ. ಮೈನಸ್ ಎಂಗೆ ಬರ್ತದೆ?" ಎಂದರು.

ಮೈನಸ್ ಹೇಗೆ ಬರುತ್ತದೆ! ಕರೆಂಟು ಹಿಂದಕ್ಕೆ ಹರಿಯಬಹುದು, ರೆಸಿಸ್ಟೆನ್ಸು ಸೊನ್ನೆಗಿಂತ ಕಡಿಮೆಯಾಗುವುದುಂಟೇ? ಶಾರ್ಟ್ ಮಾಡಿದಾಗಿನ ಬಾಣವನ್ನು ವೋಲ್ಟೇಜಿಗೆ ಎದುರಾಗಿ ಹಾಕಿದ್ದೆ, ಅಷ್ಟೇ ತಪ್ಪು. ಹತ್ತು ಓಮಿಗೆ ಹನ್ನೆರಡು ವೋಲ್ಟನ್ನು ನೇರವಾಗಿ ಕೊಟ್ಟರೂ ಒಂದೂಕಾಲು ಆಂಪಿಯರ್ ಬರುವುದಿಲ್ಲ, ನಾನು ಮೂರು ಬರೆದಿದ್ದೆ. ಗಿರಣಿಯಲ್ಲಿ ಯಾರಾದರೂ ನನಗೆ ಹಾಗೆ ಹೇಳಿದ್ದರೆ ಮೀಟರು ನೋಡುವ ಮೊದಲೇ ಉಗಿದು ಕಳಿಸುತ್ತಿದ್ದೆ. ಇಡೀ ವರ್ಷದಲ್ಲಿ ಹೊಡೆದುಹಾಕಲೇಬೇಕಾಗಿದ್ದ ಮೈನಸ್ ಅದೊಂದೇ, ಅದನ್ನು ಗೆರೆ ಎಳೆದು ಗೌರವದಿಂದ ಬಿಟ್ಟು ಬಂದಿದ್ದೆ. ಕಾರಿಡಾರಿನ ಕಂಬಕ್ಕೆ ಒರಗಿಕೊಂಡೆ. ಡಿಪೋದವರು ನೀರಿನ ಬಾಟಲಿ ಕೊಟ್ಟರು.

ಫಲಿತಾಂಶ ಬಂದಾಗ ಅವರು ಪಾಸು. ನಾನು ಎರಡು ಅಂಕದಲ್ಲಿ ಫೇಲು. ಮರುಮೌಲ್ಯಮಾಪನಕ್ಕೆ ಹಾಕಿ ಎಂದರು ಮೇಷ್ಟ್ರು. ಹಾಕಿದೆ. ಒಂದು ಅಂಕ ಜಾಸ್ತಿಯಾಯಿತು.

ಸೂಪರ್‌ವೈಸರಿಗೆ ನಾನೇ ಹೋಗಿ ಹೇಳಿದೆ. ಒಂದು ಅಂಕದ ವಿಷಯವನ್ನೂ ಹೇಳಿದೆ, ನಾಚಿಕೆ ಬಿಟ್ಟು. ಅವರು ಮೇಲಿನವರನ್ನು ಇನ್ನೊಮ್ಮೆ ಕೇಳಿ ನೋಡಿದರು. ಆಗಲಿಲ್ಲ. "ಹೋಗ್ಲಿ ಬಿಡಮ್ಮ. ಕೆಲಸ ಗೊತ್ತಲ್ಲ ನಿನಗೆ, ಅದಕ್ಕಿಂತ ಇನ್ನೇನು ಬೇಕು" ಎಂದರು. ಒಳ್ಳೆಯ ಮನುಷ್ಯ, ಸಮಾಧಾನಕ್ಕೇ ಹೇಳಿದ್ದು. ಆ ಮಾತಿನಷ್ಟು ಯಾವುದೂ ನನ್ನನ್ನು ಸುಡಲಿಲ್ಲ. ಕೆಲಸ ಗೊತ್ತೆಂದು ನಾನೂ ನಂಬಿಕೊಂಡಿದ್ದೆ. ಈಗ ಯಾವ ಪ್ಯಾನೆಲ್ ತೆರೆದರೂ ಒಳಗೆ ಲೂಪುಗಳು ಕಾಣುತ್ತವೆ, ಪ್ರತಿ ಲೂಪಿಗೂ ಒಂದು ಪ್ರಶ್ನೆ. ಮುಂದಿನ ಸೆಮಿಸ್ಟರಿನಲ್ಲಿ ಉತ್ತರ ಸಿಗಬಹುದಾಗಿದ್ದ ಪ್ರಶ್ನೆಗಳು. ಮೊದಲಿದ್ದ ನೆಮ್ಮದಿಯೂ ಹೋಯಿತು, ಡಿಗ್ರಿಯೂ ಬರಲಿಲ್ಲ.

ಮೂರು ಪಾಳಿ ಶುರುವಾಗಿ ಕೆಲವು ವಾರಗಳಾದ ಮೇಲೆ, ಒಂದು ಭಾನುವಾರ ಡಿಪೋದವರು ಮನೆಗೆ ಬಂದರು. ಕೈಯಲ್ಲಿ ಬಾಳೆಹಣ್ಣು, ಕಂಕುಳಲ್ಲಿ ಪುಸ್ತಕ. ಕಾಫಿ ಕುಡಿದರು. ಯಜಮಾನರ ಜೊತೆ ಬಸ್ಸಿನ ವಿಷಯ ಮಾತಾಡಿದರು. ಕೊನೆಗೆ ಬಾಯಿಬಿಟ್ಟರು.

"ಅಕ್ಕ, ಈ ಸೆಮ್ಮು ಎಲ್ಲಾ ಅದ್ರ ಮೇಲೇ ನಿಂತದೆ. ನಾನು ಪಾಸೇನೋ ಆಗ್ಬುಟ್ಟೆ. ಒಂದಕ್ಷರ ಅರ್ಥ ಆಗ್ನಿಲ್ಲ. ಚೂರು ಹೇಳ್ಕೊಡ್ತೀರಾ?"

ಮೈಯೆಲ್ಲ ಉರಿಯಿತು. "ಎದ್ದು ಹೋಗಿ" ಎನ್ನಬೇಕೆನಿಸಿತು. ಅವರ ಮುಖ ನೋಡಿದೆ, ಪಾಪ, ನಿಜವಾಗಿಯೂ ಹೆದರಿದ್ದರು. ಕಾಗದ ತರಿಸಿದೆ. ಎರಡು ಲೂಪು ಬರೆದೆ.

"ಬಾಣ ಹಾಕಿ."

"ಯಾವ ಕಡೀಕೆ ಅಕ್ಕ?"

"ಯಾವ ಕಡೆಗಾದ್ರೂ ಹಾಕ್ರೀ. ಅದು ಊಹೆ ಕಣ್ರೀ. ಊಹೆ ತಪ್ಪಿದ್ರೆ ಮೈನಸ್ ಬಂದು ಅದೇ ಹೇಳುತ್ತೆ. ಆದ್ರೆ ಬಂದ ಮೈನಸ್ ಯಾವುದರದ್ದು ಅಂತ ನೋಡ್ಬೇಕು. ಕರೆಂಟಿನದಾ, ರೆಸಿಸ್ಟೆನ್ಸಿನದಾ..."

ಹೇಳುತ್ತ ಹೋದೆ. ಕರ್ಣದಲ್ಲಿ ಯಾಕೆ ಪ್ಲಸ್ಸು, ಪಕ್ಕದಲ್ಲಿ ಯಾಕೆ ಮೈನಸ್ಸು ಎಂಬುದನ್ನೂ ಹೇಳಿದೆ. ಅದು ನನಗೆ ಗೊತ್ತಿದೆ ಎಂದು ನನಗೇ ಆಗ ತಿಳಿದದ್ದು. ಅವರ ಮುಖ ಅರಳಿತು. ಮೂರನೇ ಲೆಕ್ಕ ಅರ್ಧದಲ್ಲಿದ್ದಾಗ ಅವರಿಗೆ ಡ್ಯೂಟಿಯ ಹೊತ್ತಾಯಿತು.

"ಮುಂದಿನ ಭಾನುವಾರಾನೂ ಬರ್ಲಾ ಅಕ್ಕ?"

"ಮುಂದಿನ ವಾರ ನಂಗೆ ಮೂರನೇ ಪಾಳಿ. ಹಗಲು ಮಲಗಿರ್ತೀನಿ" ಎಂದೆ.

ಅವರು ಹೋದರು. ಮಧ್ಯಾಹ್ನದ ಅಡುಗೆಗೆ ಏಳಬೇಕಿತ್ತು, ಏಳಲಿಲ್ಲ. ಅರ್ಧಕ್ಕೆ ನಿಂತಿದ್ದ ಲೆಕ್ಕವನ್ನು ಮುಂದುವರಿಸಿದೆ. ಉತ್ತರ ಬಂತು. ಅದನ್ನು ಎರಡೂ ಲೂಪಿಗೆ ಹಾಕಿ ನೋಡಿದೆ, ತಾಳೆಯಾಯಿತು. ಎಲ್ಲೂ ಒಂದು ಅಡ್ಡಗೆರೆ ಇರಲಿಲ್ಲ. ಸರಿಯಾಗಿದೆ ಎಂದು ಹೇಳಲು ಕ್ಲಾಸಿನ ಅಭ್ಯಾಸಬಲದಿಂದ ತಲೆ ಎತ್ತಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ.